ಹಾಡು ನಿಲ್ಲಿಸಿ ಕಾಯುವ ಪಾಠ

‘ಆರು ತಿಂಗಳು ಕೊಡಿ ಅಕ್ಕ, ಹಾಡಿಸ್ತಾ ಹಾಡಿಸ್ತಾ ಮಾತು ಬರಿಸಿಬಿಡೋಣ.’

ಹೀಗೆ ಹೇಳಿದ್ದು ನಾನೇ. ಮಧ್ಯಾಹ್ನ ಹನ್ನೆರಡೂವರೆಗೆ, ನಮ್ಮ ಪ್ಲೇಹೋಮಿನ ಗೇಟಿನ ಹತ್ತಿರ, ಮಗುವಿನ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಒಬ್ಬ ತಾಯಿಗೆ. ಅವರ ಮಗನಿಗೆ ಮೂರು ವರ್ಷ ದಾಟಿತ್ತು. ಒಂದು ಪದವೂ ಆಡುತ್ತಿರಲಿಲ್ಲ. ನೀರು ಬೇಕಾದರೆ ನನ್ನ ಕೈಹಿಡಿದು ಫಿಲ್ಟರಿನ ತನಕ ಎಳೆದುಕೊಂಡು ಹೋಗುತ್ತಿದ್ದ. ಆಟಿಸಂ ಇರಬಹುದೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವನ ಹೆಸರು ಇಲ್ಲಿ ಬೇಡ, ಪುಟ್ಟ ಎನ್ನೋಣ. ‘ಮಿಸ್, ಇವನು ಯಾವಾಗ ಮಾತಾಡ್ತಾನೆ?’ ಎಂದು ಅವರು ಕೇಳಿದಾಗ ನಾನು ಸಂಗೀತ ಚಿಕಿತ್ಸೆಯ ಡಿಪ್ಲೊಮಾಕ್ಕೆ ಸೇರಿ ಬರೀ ಏಳು ವಾರವಾಗಿತ್ತು. ಏಳು ವಾರದ ವಿದ್ಯೆಗೆ ಇರುವಷ್ಟು ಧೈರ್ಯ ಬೇರೆ ಯಾವುದಕ್ಕೂ ಇರುವುದಿಲ್ಲ ನೋಡಿ.

ಪ್ಲೇಹೋಮಿಗೆ ನಾನು ಬಂದದ್ದೇನೂ ದೊಡ್ಡ ಕನಸು ಹೊತ್ತಲ್ಲ. ಬಿ.ಎ. ಮುಗಿದಿತ್ತು, ಬ್ಯಾಂಕ್ ಪರೀಕ್ಷೆಯಲ್ಲಿ ಎರಡು ಸಲ ಹತ್ತಿರ ಬಂದು ಹೋಗಿತ್ತು. ಮನೆಯಲ್ಲಿ ಕೂರುವ ಬದಲು ನಮ್ಮ ಬಡಾವಣೆಯಲ್ಲೇ ಇದ್ದ ಪ್ಲೇಹೋಮಿಗೆ ಅರ್ಜಿ ಕೊಟ್ಟೆ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಆಗಿದ್ದರಿಂದ ‘ರೈಮ್ಸ್ ಚೆನ್ನಾಗಿ ಹೇಳಿಕೊಡ್ತಾಳೆ’ ಎಂದು ಮೇಡಂ ತಕ್ಷಣ ಒಪ್ಪಿಕೊಂಡರು. ಇಪ್ಪತ್ತೆರಡು ಮಕ್ಕಳು, ನಾನು, ಒಬ್ಬರು ಆಯಮ್ಮ.

ಮೊದಲ ತಿಂಗಳಲ್ಲೇ ಒಂದು ವಿಷಯ ಗಮನಕ್ಕೆ ಬಂತು. ‘ಕೈ ತೊಳೀರಿ’ ಎಂದು ಹತ್ತು ಸಲ ಕೂಗಿದರೂ ಏಳದ ಮಕ್ಕಳು, ಅದನ್ನೇ ಎರಡು ಸ್ವರಕ್ಕೆ ಹೊಂದಿಸಿ ಹೇಳಿದರೆ ಸಾಲಾಗಿ ಎದ್ದು ಹೋಗುತ್ತಿದ್ದರು. ಅಳುವ ಮಗುವಿನ ಅಳುವಿನ ಓಟಕ್ಕೇ ತಟ್ಟುತ್ತಾ ತಟ್ಟುತ್ತಾ ನಿಧಾನ ಮಾಡಿದರೆ ಅಳುವೂ ನಿಧಾನವಾಗುತ್ತಿತ್ತು. ಯಾಕೆ ಹೀಗೆ ಎಂದು ಹುಡುಕುತ್ತಾ ಹೋದವಳಿಗೆ ಸಂಗೀತ ಚಿಕಿತ್ಸೆ ಎಂಬ ಓದೇ ಒಂದಿದೆ ಎಂದು ತಿಳಿಯಿತು. ‘ಹಾಡು ಹೇಳೋಕೂ ಡಿಪ್ಲೊಮಾ ಬೇಕಾ?’ ಎಂದು ಅಪ್ಪ ಪೇಪರಿನಿಂದ ತಲೆಯೆತ್ತದೆ ಕೇಳಿದರು. ಅಮ್ಮ ಏನೂ ಕೇಳದೆ ಆ ತಿಂಗಳ ಚೀಟಿ ಎತ್ತಿ ಮೊದಲ ಕಂತು ಕಟ್ಟಿದರು.

ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಇಡೀ ದಿನ ಆನ್‌ಲೈನ್ ತರಗತಿ. ಕೆಲವು ತಿಂಗಳಿಗೊಮ್ಮೆ ಒಂದು ವಾರ ಅಲ್ಲಿಗೇ ಹೋಗಬೇಕು. ಆ ವಾರದ ಸಂಬಳ ಇಲ್ಲಿ ಕಟ್. ಉಳಿದಂತೆ ನಾವು ಕೆಲಸ ಮಾಡುವ ಜಾಗದಲ್ಲೇ ಪೋಷಕರ ಲಿಖಿತ ಒಪ್ಪಿಗೆ ಪಡೆದು ಮಕ್ಕಳೊಂದಿಗೆ ಅಭ್ಯಾಸ ಮಾಡಬೇಕು, ವಿಡಿಯೊ ಮಾಡಬೇಕು, ಮಾರ್ಗದರ್ಶಕರಿಗೆ ತೋರಿಸಬೇಕು. ನನ್ನ ಪಾಲಿಗೆ ಪುಟ್ಟ ಮತ್ತು ಇನ್ನಿಬ್ಬರು ಮಕ್ಕಳು. ಉಳಿದವರು ಮನೆಗೆ ಹೋದ ಮೇಲೆ ವಾರಕ್ಕೆ ಎರಡು ದಿನ, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ.

ತರಗತಿಗೆ ಸೇರುವಾಗ ನನ್ನ ಬೀರುವಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿಕೊಂಡಿದ್ದೆ. ಈ ರಾಗ ನಿದ್ದೆಗೆ, ಈ ರಾಗ ರಕ್ತದೊತ್ತಡಕ್ಕೆ, ಇದು ಏಕಾಗ್ರತೆಗೆ... ಮೊಬೈಲಿನಲ್ಲಿ ಓಡಾಡುವ ಪಟ್ಟಿ, ನೀವೂ ನೋಡಿರುತ್ತೀರಿ. ಮೊದಲ ವಾರ ಅದನ್ನು ಹೆಮ್ಮೆಯಿಂದ ತೋರಿಸಿದೆ. ಮಾರ್ಗದರ್ಶಕಿ ನಗಲಿಲ್ಲ, ಬೈಯಲೂ ಇಲ್ಲ. ಇದನ್ನು ಯಾರ ಮೇಲೆ, ಹೇಗೆ ಪರೀಕ್ಷಿಸಿದರು ಎಂದು ಹುಡುಕಿಕೊಂಡು ಬಾ ಎಂದರು. ಎರಡು ವಾರ ಹುಡುಕಿದೆ. ಒಂದು ಪಟ್ಟಿ ಇನ್ನೊಂದು ಪಟ್ಟಿಯಿಂದ ಬಂದಿತ್ತು, ಅದು ಮತ್ತೊಂದರಿಂದ. ಅಲ್ಲಿಗೆ ದಾರಿ ಮುಗಿದುಹೋಯಿತು.

ಈ ವಿದ್ಯೆ ಕಾಲೇಜಿಗೆ ಬಂದ ಕಥೆ ಬೇರೆಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರಿಗಾಗಿ ಸಂಗೀತಗಾರರು ನುಡಿಸುತ್ತಿದ್ದರು. ಅವರಿಗೆ ತರಬೇತಿ ಬೇಕೆನಿಸಿತು. 1944ರಲ್ಲಿ ಮಿಷಿಗನ್ ಸ್ಟೇಟ್‌ನಲ್ಲಿ ಇದಕ್ಕೆಂದೇ ವ್ಯಾಸಂಗ ಶುರುವಾಯಿತು, 1950ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. ಮಕ್ಕಳ ವಿಚಾರಕ್ಕೆ ಬಂದರೆ ಎರಡು ಹೆಸರು ಮತ್ತೆ ಮತ್ತೆ ಬರುತ್ತವೆ. ಪಾಲ್ ನಾರ್ಡಾಫ್ ಎಂಬ ಅಮೆರಿಕದ ಸಂಯೋಜಕ ಮತ್ತು ಕ್ಲೈವ್ ರಾಬಿನ್ಸ್ ಎಂಬ ಇಂಗ್ಲೆಂಡಿನ ವಿಶೇಷ ಶಿಕ್ಷಕ. 1950ರ ದಶಕದ ಕೊನೆಯಲ್ಲಿ ಜೊತೆಯಾದ ಇವರು ಮಗುವಿಗೆ ಹಾಡು ಕಲಿಸಲು ಹೋಗಲಿಲ್ಲ. ಮಗು ಅತ್ತರೆ ಆ ಅಳುವಿನ ಸ್ವರವನ್ನೇ, ಡ್ರಮ್ ಬಡಿದರೆ ಆ ಬಡಿತದ ಲಯವನ್ನೇ ಹಿಡಿದು ಪಿಯಾನೊ ನುಡಿಸುತ್ತಾ ಹೋದರು. ಮಗು ಮುಂದೆ, ಸಂಗೀತ ಹಿಂದೆ. ಓದುವಾಗ ಇದು ಸುಲಭ ಎನಿಸಿತ್ತು.

ಒಂಬತ್ತನೇ ವಾರ ನನ್ನ ಮೊದಲ ವಿಡಿಯೊ ಕಳಿಸಿದೆ. ಹನ್ನೆರಡು ನಿಮಿಷದ್ದು. ಒಳ್ಳೆಯ ಸೀರೆ ಬೇರೆ ಉಟ್ಟಿದ್ದೆ! ‘ಇದರಲ್ಲಿ ನೀನು ಎಷ್ಟು ಹೊತ್ತು ಹಾಡಿದ್ದೀಯ, ಗಡಿಯಾರ ಹಿಡಿದು ಲೆಕ್ಕ ಹಾಕು’ ಎಂದು ಮಾರ್ಗದರ್ಶಕಿಯಿಂದ ಒಂದೇ ಸಾಲಿನ ಉತ್ತರ ಬಂತು. ಲೆಕ್ಕ ಹಾಕಿದೆ. ಹನ್ನೊಂದು ನಿಮಿಷ. ಪುಟ್ಟನಿಗೆ ನಾನು ಬಿಟ್ಟಿದ್ದು ಒಂದು ನಿಮಿಷ, ಅದೂ ಖಂಜಿರ ಹುಡುಕುತ್ತಿದ್ದ ಹೊತ್ತು. ಸದ್ದು ಕಡಿಮೆ ಮಾಡಿ ಇನ್ನೊಮ್ಮೆ ನೋಡಿದಾಗ ಕಂಡದ್ದು, ನಾನು ಮೇಲಿನ ಷಡ್ಜಕ್ಕೆ ಹೋದಾಗಲೆಲ್ಲ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ನಾನದನ್ನು ನೋಡಿರಲೇ ಇಲ್ಲ. ಕಣ್ಣುಮುಚ್ಚಿ ಹಾಡುವುದು ನನ್ನ ಅಭ್ಯಾಸ. ಸಂಗೀತದ ಮೇಷ್ಟ್ರು ಅದನ್ನು ಭಾವ ಎಂದು ಹೊಗಳುತ್ತಿದ್ದರು.

ಮುಂದಿನ ಮೂರು ವಾರ ನನಗೆ ಕೊಟ್ಟ ಕೆಲಸ, ಹಾಡದೆ ಕೂರುವುದು. ಪುಟ್ಟ ಏನು ಸದ್ದು ಮಾಡುತ್ತಾನೆ, ಯಾವಾಗ, ಎಲ್ಲಿ ಎಂದು ಬರೆದುಕೊಳ್ಳುವುದು. ಒಂದು ವಾರವಿಡೀ ಹಾಳೆಯಲ್ಲಿ ಒಂದೇ ವಿಷಯ ತುಂಬಿತು: ಮೂಲೆಯ ಗೋಡೆಯ ಹತ್ತಿರ ನಿಂತು ಗುನುಗುತ್ತಾನೆ. ಬೇರೆಲ್ಲೂ ಇಲ್ಲ, ಅಲ್ಲಿ ಮಾತ್ರ. ಆ ಮೂಲೆಯಲ್ಲಿ ಆಟಿಕೆಯಿಲ್ಲ, ಕಿಟಕಿಯಿಲ್ಲ. ಎರಡನೇ ವಾರ ನಾನೂ ಹೋಗಿ ಪಕ್ಕದಲ್ಲಿ ಕೂತೆ. ತಲೆಯ ಮೇಲೆ ಹಳೆಯ ಟ್ಯೂಬ್‌ಲೈಟು. ಅದರ ಚೋಕು ಗುಂಯ್ ಎನ್ನುತ್ತಿತ್ತು. ಪುಟ್ಟ ಆ ಗುಂಯ್‌ಗೆ ಶ್ರುತಿ ಸೇರಿಸುತ್ತಿದ್ದ.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಸಹಿಸಿಕೊಳ್ಳಿ. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್‌ನದು. ಚೋಕು ಅದುರುವುದು ಅದರ ಎರಡರಷ್ಟು, ಅಂದರೆ ಸೆಕೆಂಡಿಗೆ ಸುಮಾರು 100 ಸಲ. ಹಾರ್ಮೋನಿಯಂನಲ್ಲಿ ಹುಡುಕಿದರೆ ಆ ಸ್ವರ ಐದು ಮನೆಗೂ ಐದೂವರೆ ಮನೆಗೂ ನಡುವೆ ಸಿಗುತ್ತದೆ, ಐದಕ್ಕೆ ಸ್ವಲ್ಪ ಹತ್ತಿರ. ನಾನು ಹಾಡುವುದು ಐದೂವರೆ ಮನೆ ಶ್ರುತಿಗೆ. ಅಂದರೆ ಇಷ್ಟು ದಿನ ನಾನು ಅವನು ಹಿಡಿದಿದ್ದ ಶ್ರುತಿಯ ಪಕ್ಕದಲ್ಲೇ, ಆದರೆ ಸೇರದಂತೆ, ತಾಕಲಾಡುವಂತೆ ಹಾಡುತ್ತಿದ್ದೆ. ಅಪಸ್ವರ ಯಾರದು ಹೇಳಿ?

ಮಾರನೇ ದಿನ ಮೊಬೈಲಿನ ತಂಬೂರಿಯ ಶ್ರುತಿಯನ್ನು ಚೋಕಿಗೆ ಸೇರುವಷ್ಟು ಇಳಿಸಿ, ಸಣ್ಣಗೆ ಇಟ್ಟೆ. ಹಾಡಲಿಲ್ಲ. ಅವನು ಗುನುಗಿದಾಗ ನಾನೂ ಅದೇ ಸ್ವರ ಗುನುಗಿದೆ, ಅವನು ನಿಲ್ಲಿಸಿದರೆ ನಿಲ್ಲಿಸಿದೆ. ನಾಲ್ಕೈದು ಸಲ ಹೀಗಾದ ಮೇಲೆ ಪುಟ್ಟ ಬೇಕೆಂದೇ ನಿಲ್ಲಿಸಿ ನನ್ನ ಬಾಯಿ ನೋಡಿದ. ಮತ್ತೆ ಶುರು ಮಾಡಿ, ಮತ್ತೆ ನಿಲ್ಲಿಸಿ, ಮತ್ತೆ ನೋಡಿದ. ಹಿಂದಿನ ಎರಡು ತಿಂಗಳ ಹಾಳೆಗಳಲ್ಲಿ ‘ಮುಖ ನೋಡಿದ್ದು’ ಎಂಬ ಕಾಲಂ ಪೂರ್ತಿ ಖಾಲಿ. ಅಂದು ಒಂದೇ ದಿನ ಏಳು ಗೀಟು ಹಾಕಿದೆ.

ಆಮೇಲೆ ಅವನಿಗಾಗಿ ಒಂದು ಪುಟ್ಟ ಹಾಡು ಕಟ್ಟಿದೆ. ಕವಿತ್ವವೇನೂ ಇಲ್ಲ: ‘ಪುಟ್ಟ ಬಂದ, ಪುಟ್ಟ ಬಂದ, ಚಪ್ಪಲಿ ಬಿಟ್ಟು ಒಳಗೆ ಬಂದ.’ ಮೂರೇ ಸ್ವರ. ಪ್ರತಿ ಸಲವೂ ಇದರಿಂದಲೇ ಶುರು. ನಾಲ್ಕು ವಾರ ಹಾಗೆಯೇ ಹಾಡಿ, ಐದನೇ ವಾರದಿಂದ ಕೊನೆಯ ‘ಬಂದ’ ಬಿಟ್ಟು ನಿಲ್ಲಿಸಿ ಕಾದೆ. ಮನಸ್ಸಿನಲ್ಲೇ ಒಂದರಿಂದ ಎಂಟರವರೆಗೆ ಎಣಿಸಬೇಕು, ಮುಖದಲ್ಲಿ ಆಸೆ ಇರಬೇಕು, ಒತ್ತಾಯ ಇರಬಾರದು. ಇದು ಎಷ್ಟು ಕಷ್ಟ ಎಂದರೆ, ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಆಯಮ್ಮ ‘ಯಾಕ್ ಮಿಸ್, ಹಾಡು ಮರ್ತೋಯ್ತಾ?’ ಎಂದು ಎರಡು ದಿನ ತಾವೇ ಮುಗಿಸಿಕೊಟ್ಟರು. ಮೊದಮೊದಲು ಪುಟ್ಟ ಆ ಖಾಲಿ ಜಾಗದಲ್ಲಿ ನೆಲ ತಟ್ಟುತ್ತಿದ್ದ. ಆಮೇಲೆ ಖಂಜಿರಕ್ಕೆ ಒಂದು ಪೆಟ್ಟು. ನಾಲ್ಕನೇ ತಿಂಗಳು ಮುಗಿಯುವ ಹೊತ್ತಿಗೆ, ಒಂದು ಗುರುವಾರ, ತುಟಿ ಒತ್ತಿ ‘ಬ’ ಎಂದ.

ಅಂದು ಮಧ್ಯಾಹ್ನ ಗೇಟಿಗೆ ಓಡಿದೆ. ಅವನ ಅಮ್ಮ ಅಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ನಗುತ್ತಾ ಹೇಳಿದರು: ‘ಅದಕ್ಕೇ ಮಿಸ್, ನಾನು ಸ್ಪೀಚ್ ಥೆರಪಿಗೆ ಕರ್ಕೊಂಡು ಹೋಗೋದು ಬಿಟ್ಬಿಟ್ಟೆ. ಎರಡು ಬಸ್ ಹತ್ತಿ ಇಳೀಬೇಕು, ಇವನು ಬಸ್ಸಲ್ಲಿ ಕೂಗ್ತಾನೆ, ಎಲ್ರೂ ನೋಡ್ತಾರೆ. ನೀವೇ ಆರು ತಿಂಗಳು ಅಂದ್ರಲ್ಲ.’

ಬಿಟ್ಟು ಎಷ್ಟು ದಿನವಾಯಿತೆಂದು ಕೇಳಿದೆ. ಎರಡೂವರೆ ತಿಂಗಳು ದಾಟಿತ್ತು.

ಮೈಸೂರಿನವರಿಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ. 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರಿದು. ದೂರದ ಊರುಗಳಿಂದ ತಾಯಂದಿರು ಮಕ್ಕಳನ್ನೆತ್ತಿಕೊಂಡು ಇಲ್ಲಿಗೆ ಬರುತ್ತಾರೆ. ಮಾತು ಕಲಿಸುವ ತಜ್ಞರು ಕೈಗೆಟಕುವ ಊರಿನಲ್ಲಿ, ಒಂದು ಮಗುವಿಗೆ ಅದನ್ನು ನಾನು ತಪ್ಪಿಸಿದ್ದೆ. ಅದೂ ಮೂರು ವರ್ಷದ ವಯಸ್ಸಿನಲ್ಲಿ, ಒಂದೊಂದು ತಿಂಗಳಿಗೂ ಬೆಲೆ ಇರುವಾಗ.

ಅದೇ ವಾರ ತರಗತಿಯಲ್ಲಿ ಓದಲು ಕೊಟ್ಟ ಪ್ರಬಂಧ, ಆಟಿಸಂ ಇರುವ ಮಕ್ಕಳಿಗೆ ಸಂಗೀತ ಚಿಕಿತ್ಸೆಯ ಬಗ್ಗೆ 2017ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಬಂದದ್ದು. ಒಂಬತ್ತು ದೇಶಗಳ 364 ಮಕ್ಕಳು, ನಾಲ್ಕರಿಂದ ಏಳು ವರ್ಷದವರು. (ಆ ಒಂಬತ್ತರಲ್ಲಿ ಭಾರತ ಇಲ್ಲ.) ಅರ್ಧದಷ್ಟು ಮಕ್ಕಳಿಗೆ ಮಾಮೂಲಿ ಚಿಕಿತ್ಸೆ ಮತ್ತು ಪೋಷಕರಿಗೆ ಸಲಹೆ, ಉಳಿದರ್ಧಕ್ಕೆ ಇವುಗಳ ಜೊತೆಗೆ ಸಂಗೀತ ಚಿಕಿತ್ಸೆ. ಐದು ತಿಂಗಳಾದ ಮೇಲೆ, ಯಾವ ಮಗು ಯಾವ ಗುಂಪಿನದು ಎಂದು ಗೊತ್ತಿಲ್ಲದವರು ಅಳೆದು ನೋಡಿದರು. ಆಟಿಸಂನ ತೀವ್ರತೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಅದನ್ನು ಮೂರು ಸಲ ಓದಿದೆ. ಎಲ್ಲಾದರೂ ‘ಆದರೆ’ ಸಿಗುತ್ತದೇನೋ ಎಂದು. 2022ರಲ್ಲಿ ಬಂದ ಕಾಕ್ರೇನ್ ವಿಮರ್ಶೆ ಇಪ್ಪತ್ತಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿ ಇನ್ನಷ್ಟು ಒಳ್ಳೆಯ ಮಾತು ಹೇಳಿದೆ, ಒಟ್ಟಾರೆ ಸುಧಾರಣೆ ಕಾಣುವ ಸಾಧ್ಯತೆ ಹೆಚ್ಚೆಂದು. ಆದರೆ ಎರಡರಲ್ಲಿ ಯಾವುದನ್ನು ಹಿಡಿದುಕೊಂಡರೂ ‘ಆರು ತಿಂಗಳಲ್ಲಿ ಮಾತು’ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಅದು ನನ್ನ ಬಾಯಿಂದ ಬಂದದ್ದು.

ಸೋಮವಾರ ಅವನ ಅಮ್ಮನನ್ನು ಒಳಗೆ ಕೂರಿಸಿ ಎಲ್ಲ ಹೇಳಿದೆ. ನಾನು ಇನ್ನೂ ಕಲಿಯುತ್ತಿರುವವಳು, ನಾನು ಮಾಡುವುದು ವಾಕ್ ಚಿಕಿತ್ಸೆಯ ಜೊತೆಗೆ ಇರಬೇಕಾದದ್ದು, ಅದರ ಬದಲಿಗಲ್ಲ, ಆರು ತಿಂಗಳು ಎಂದದ್ದು ತಪ್ಪು. ಅವರು ಬಹಳ ಹೊತ್ತು ಪುಟ್ಟನ ಶೂ ಲೇಸು ಕಟ್ಟುತ್ತಿದ್ದರು. ‘ಮೊದ್ಲೇ ಹೇಳ್ಬೇಕಿತ್ತಲ್ವಾ ಮಿಸ್’ ಎಂದಷ್ಟೇ ಹೇಳಿ ಎದ್ದರು. ಎರಡು ದಿನ ಮಗುವನ್ನು ಕರೆದುಕೊಂಡು ಹೋಗಲು ಅಜ್ಜಿ ಬಂದರು. ಮೇಡಂಗೂ ವಿಷಯ ತಿಳಿಸಿದೆ. ಕೆಲಸ ಹೋಗಬಹುದೆಂದುಕೊಂಡಿದ್ದೆ, ಹೋಗಲಿಲ್ಲ. ಆದರೆ ‘ಇನ್ನು ಮೇಲೆ ಪೇರೆಂಟ್ಸ್ ಹತ್ತಿರ ಏನು ಹೇಳಬೇಕಾದರೂ ನನ್ನನ್ನು ಕೇಳಿ ಹೇಳು’ ಎಂದರು. ಅದು ಸರಿಯೇ.

ಮೂರನೇ ದಿನ ಅವರೇ ಬಂದರು. ‘ಇಷ್ಟು ದಿನ ಬಿಟ್ಟು ಈಗ ಹೋದ್ರೆ ಬೈತಾರೇನೋ’ ಎಂಬ ಅಳುಕು. ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಬಸ್ಸಿನಲ್ಲಿ ಪುಟ್ಟ ನಿಜಕ್ಕೂ ಕೂಗಿದ, ಎಲ್ಲರೂ ನಿಜಕ್ಕೂ ನೋಡಿದರು. ಇದನ್ನು ವಾರಕ್ಕೆರಡು ಸಲ ಒಬ್ಬರೇ ಮಾಡುತ್ತಿದ್ದರಲ್ಲ ಎಂದು ಅವತ್ತು ಅರ್ಥವಾಯಿತು. ಅಲ್ಲಿ ಯಾರೂ ಬೈಯಲಿಲ್ಲ. ಬದಲಿಗೆ ಅಲ್ಲಿನ ಥೆರಪಿಸ್ಟ್ ನನ್ನ ಹಾಳೆಗಳನ್ನು ನೋಡಬೇಕೆಂದರು. ‘ಬಂದ’ ಚೆನ್ನಾಗಿದೆ, ಆದರೆ ಅವನಿಗೆ ದಿನಕ್ಕೆ ಹತ್ತು ಸಲ ಬೇಕಾಗುವ ಪದ ಅದಲ್ಲ, ‘ನೀರು’, ‘ಬಾ’, ‘ಕೊಡು’ ಇಟ್ಟು ಕಟ್ಟಿ ಎಂದರು. ಎಷ್ಟು ಸರಳ. ನನಗೆ ಹೊಳೆದಿರಲಿಲ್ಲ. ಈಗ ಅವರು ಆ ವಾರ ಯಾವ ಪದ ಹಿಡಿದಿದ್ದಾರೋ ಅದಕ್ಕೆ ನಾನು ಹಾಡು ಕಟ್ಟುತ್ತೇನೆ, ಅವನ ಅಮ್ಮ ಮನೆಯಲ್ಲಿ ಅದನ್ನೇ ಫಿಲ್ಟರಿನ ಮುಂದೆ ನಿಂತು ಹಾಡುತ್ತಾರೆ.

ಇದಾಗಿ ವರ್ಷದ ಮೇಲಾಯಿತು. ಪುಟ್ಟನ ಹತ್ತಿರ ಈಗ ಒಂಬತ್ತು ಪದಗಳಿವೆ. ಅದರಲ್ಲಿ ಯಾವುದು ಹಾಡಿನಿಂದ ಬಂತು, ಯಾವುದು ವಾಕ್ ಚಿಕಿತ್ಸೆಯಿಂದ, ಯಾವುದು ಸುಮ್ಮನೆ ಅವನು ಬೆಳೆದದ್ದರಿಂದ ಎಂದು ಬಿಡಿಸಿ ಹೇಳಲಾರೆ. ಕೇಳಿದವರಿಗೆ ಹಾಗೆಯೇ ಹೇಳುತ್ತೇನೆ.

ಡಿಪ್ಲೊಮಾ ಕೈಗೆ ಬಂದ ಮೇಲೆ ಕೆಲಸ ಹುಡುಕಿದ ಕಥೆಯನ್ನೂ ಹೇಳಬೇಕು, ಏಕೆಂದರೆ ಈ ಪುಟ ಓದುವ ಹಲವರು ಕೇಳುವುದು ಅದನ್ನೇ. ಸರ್ಕಾರಿ ನೇಮಕಾತಿಯ ದಾರಿ ಇಲ್ಲಿ ಸಿದ್ಧವಾಗಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ನೋಂದಣಿಯಾಗುವ ವೃತ್ತಿಗಳಲ್ಲಿ ವಾಕ್ ಚಿಕಿತ್ಸಕರಿದ್ದಾರೆ, ವಿಶೇಷ ಶಿಕ್ಷಕರಿದ್ದಾರೆ, ಸಂಗೀತ ಚಿಕಿತ್ಸಕರೆಂಬ ಪ್ರತ್ಯೇಕ ವರ್ಗವಿಲ್ಲ. ಹಾಗಾಗಿ ವಿಶೇಷ ಶಾಲೆ, ಖಾಸಗಿ ಥೆರಪಿ ಕೇಂದ್ರ, ಕೆಲವು ಆಸ್ಪತ್ರೆ, ಇಷ್ಟರಲ್ಲೇ ಜಾಗ ಹುಡುಕಬೇಕು. ಇದೊಂದೇ ಸರ್ಟಿಫಿಕೇಟಿನ ಮೇಲೆ ನಿಲ್ಲುವುದು ಕಷ್ಟ. ವಿಶೇಷ ಶಿಕ್ಷಣದ ಬಿ.ಎಡ್., ಮನಃಶಾಸ್ತ್ರ, ಇಂಥ ಇನ್ನೊಂದು ಕಾಲು ಬೇಕು. ನಾನೀಗ ವಿಶೇಷ ಶಿಕ್ಷಣದ ಬಿ.ಎಡ್.ಗೆ ಅರ್ಜಿ ಹಾಕಿದ್ದೇನೆ. ಕಲಿಯಬೇಕೆನ್ನುವವರಿಗೆ ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ಇದಕ್ಕೆಂದೇ ಕೇಂದ್ರವಿದೆ. ಎಲ್ಲೇ ಸೇರಿದರೂ ಶುಲ್ಕ ಕೇಳುವ ಮೊದಲು ಒಂದು ಪ್ರಶ್ನೆ ಕೇಳಿ: ನಾನು ಮಗುವಿನೊಂದಿಗೆ ಕೆಲಸ ಮಾಡುವುದನ್ನು ನೋಡಿ ತಿದ್ದುವವರು ಯಾರು, ಎಷ್ಟು ಗಂಟೆ? ಉತ್ತರ ತೇಲಿಸಿದರೆ, ಅಥವಾ ಎರಡು ದಿನದ ವರ್ಕ್‌ಶಾಪಿಗೇ ‘ಥೆರಪಿಸ್ಟ್’ ಎಂದು ಸರ್ಟಿಫಿಕೇಟ್ ಕೊಡುತ್ತೇವೆಂದರೆ, ಆ ದುಡ್ಡಿಗೆ ಒಂದು ಒಳ್ಳೆಯ ಹಾರ್ಮೋನಿಯಂ ಬರುತ್ತದೆ.

ಒಂದು ಖಾಸಗಿ ಕೇಂದ್ರ ನನ್ನನ್ನು ಸಂದರ್ಶನಕ್ಕೆ ಕರೆಯಿತು. ಈಗಿನ ಸಂಬಳದ ಎರಡರಷ್ಟು. ಕೋಣೆ, ಕೀಬೋರ್ಡು, ಎ.ಸಿ. ಎಲ್ಲ ತೋರಿಸಿದರು. ಕೊನೆಗೆ, ಪೋಷಕರು ಮೊದಲ ದಿನ ಬಂದಾಗ ಎಷ್ಟು ತಿಂಗಳಲ್ಲಿ ಫಲಿತಾಂಶ ಎಂದು ನಾನೇ ಹೇಳಬೇಕು, ‘ಆರು ತಿಂಗಳು ಅಂದ್ರೆ ಅವರಿಗೂ ಧೈರ್ಯ, ನಮಗೂ ಪ್ಯಾಕೇಜ್’ ಎಂದರು. ಆರು ತಿಂಗಳು! ಅದೇ ಅಂಕಿ. ನಾನು ಬೇಡವೆಂದು ಬಂದೆ. ಅಪ್ಪ ಒಂದು ದಿನ ಮಾತಾಡಲಿಲ್ಲ. ಅಮ್ಮನ ಚೀಟಿಯ ಕಂತು ಇನ್ನೂ ಮುಗಿದಿಲ್ಲ, ಹಾಗಾಗಿ ಅಪ್ಪನ ಸಿಟ್ಟೂ ಸುಳ್ಳಲ್ಲ.

ಪ್ಲೇಹೋಮಿನಲ್ಲಿ ಸಂಬಳ ಎರಡು ಸಾವಿರ ಏರಿದೆ. ಹಿಂದಿನ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ ನನಗೆ ಬಿಟ್ಟುಕೊಟ್ಟಿದ್ದಾರೆ. ದಸರಾ ರಜೆಯಲ್ಲಿ ಕಟ್ಟಡಕ್ಕೆ ಸುಣ್ಣ ಬಣ್ಣ ಆಯಿತು, ಹಳೆಯ ಟ್ಯೂಬ್‌ಲೈಟುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿದರು. ನನಗೆ ಗೊತ್ತೇ ಇರಲಿಲ್ಲ. ರಜೆ ಮುಗಿದು ಬಂದ ಮೊದಲ ದಿನ ಪುಟ್ಟ ನೇರ ತನ್ನ ಮೂಲೆಗೆ ಹೋಗಿ ಕತ್ತೆತ್ತಿ ನಿಂತ. ಬೆಳಕು ಮೊದಲಿಗಿಂತ ಜೋರು, ಸದ್ದಿಲ್ಲ. ಅಳುತ್ತಾನೇನೋ ಎಂದು ಎದ್ದೆ. ಆಯಮ್ಮ ನನ್ನ ಸೆರಗು ಹಿಡಿದು ‘ಕೂತ್ಕೊಳಿ ಮಿಸ್, ಎಂಟು ಎಣ್ಸಿ’ ಎಂದರು. ಆರಕ್ಕೋ ಏಳಕ್ಕೋ ಪುಟ್ಟ ತಿರುಗಿ ಬಂದು, ನನ್ನ ಬ್ಯಾಗಿನಲ್ಲಿದ್ದ ಮೊಬೈಲು ತಂದು ಮಡಿಲಿಗೆ ಹಾಕಿ, ‘ಕೊಡು’ ಎಂದ.